ಬುರುಡೆ ಗುರುತು ಒಂದೇ, ಪತಂಗ ಮೂರು

ಬೆನ್ನ ಮೇಲೆ ತಲೆಬುರುಡೆಯಂಥ ಗುರುತಿರುವ ದೊಡ್ಡ ಹಾಕ್ ಪತಂಗ ಕಂಡೊಡನೆ ‘ಅಕೆರೋಂಟಿಯ ಆಟ್ರೋಪಸ್’ ಎಂದು ಬರೆದುಬಿಡುವವರು ಬಹಳ. ಭಾರತದಲ್ಲಿ ತೆಗೆದ ಚಿತ್ರಕ್ಕೆ ಆ ಹೆಸರು ಸಲ್ಲದು. ಆಟ್ರೋಪಸ್‌ನ ನೆಲೆ ಆಫ್ರಿಕಾ. ಬೇಸಿಗೆಯಲ್ಲಿ ಯುರೋಪಿಗೆ ವಲಸೆ ಹೋಗುತ್ತದೆ, ಪೂರ್ವದಲ್ಲಿ ಪಶ್ಚಿಮ ಏಷ್ಯಾದವರೆಗೆ ಸಿಗುತ್ತದೆ. ಭಾರತದಲ್ಲಿ ಹಾರಾಡುವುದು ಇದೇ ಕುಲದ ಇನ್ನೆರಡು ಪ್ರಭೇದಗಳು: ಸ್ಟಿಕ್ಸ್ ಮತ್ತು ಲ್ಯಾಕೆಸಿಸ್. ಇವೆರಡೂ ಒಂದೇ ಊರಲ್ಲಿ ಸಿಗಬಹುದಾದ್ದರಿಂದ ಇಲ್ಲಿ ನೆಲೆಯ ಸುಳಿವೊಂದೇ ಸಾಲದು, ಮೈ ನೋಡಲೇಬೇಕು.

ಬುರುಡೆಯನ್ನು ಬಿಟ್ಟು ಹಿಂದಿನ ರೆಕ್ಕೆಯ ಬುಡ ನೋಡಿ. ಅಲ್ಲಿ ಹಳದಿಯ ನಡುವೆ ಕಪ್ಪು ಮಚ್ಚೆಯಿದ್ದರೆ ಲ್ಯಾಕೆಸಿಸ್. ಉಳಿದೆರಡಕ್ಕೆ ಆ ಮಚ್ಚೆಯಿಲ್ಲ. ಹೊಟ್ಟೆಯೂ ಅದನ್ನೇ ಹೇಳುತ್ತದೆ: ಲ್ಯಾಕೆಸಿಸ್‌ನಲ್ಲಿ ನೀಲಿಬೂದು ಬಣ್ಣ ಹೊಟ್ಟೆಯ ಮೇಲ್ಭಾಗವನ್ನು ಬಹುಪಾಲು ಆವರಿಸಿ ಹಳದಿ ಪಕ್ಕಗಳಲ್ಲಿ ತುಣುಕುಗಳಾಗಿ ಉಳಿದಿರುತ್ತದೆ, ಸ್ಟಿಕ್ಸ್‌ನಲ್ಲಿ ನೀಲಿ ಪಟ್ಟಿ ಕಿರಿದು, ಎರಡೂ ಬದಿಯ ಹಳದಿ ಪಟ್ಟೆಗಳು ಎದ್ದು ಕಾಣುತ್ತವೆ.

ತೊಡಕು ಬರುವುದು ಪತಂಗ ಕೂತಾಗ. ಮುಂದಿನ ರೆಕ್ಕೆಗಳು ಇವೆಲ್ಲವನ್ನೂ ಮುಚ್ಚಿಬಿಡುತ್ತವೆ. ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ತಾಕಿಸಿದರೆ ಅದು ರೆಕ್ಕೆ ಎತ್ತಿ ಚೀರುತ್ತದೆ. ಚಿತ್ರ ತೆಗೆಯಬೇಕಾದ್ದು ಆಗ. ಗಂಟಲಿನ ಗಾಳಿಯನ್ನು ಗಿಡ್ಡ, ದಪ್ಪ ಹೀರುನಳಿಗೆಯ ಮೂಲಕ ಒಳಕ್ಕೂ ಹೊರಕ್ಕೂ ಆಡಿಸಿ ಹೊರಡಿಸುವ ಆ ಚೀರು ಈ ಕುಲದ ವಿಸ್ಮಯ, ಆದರೆ ಮೂರೂ ಚೀರುವುದರಿಂದ ಪ್ರಭೇದ ಹೇಳಲು ಉಪಯೋಗವಿಲ್ಲ. ಅಳತೆಯನ್ನೂ ನಂಬಬೇಡಿ: ಲ್ಯಾಕೆಸಿಸ್‌ನ ರೆಕ್ಕೆಯಗಲ 10ರಿಂದ 13 ಸೆಂಟಿಮೀಟರ್, ಸ್ಟಿಕ್ಸ್ ಕೂಡ 12ರವರೆಗೆ ಬೆಳೆಯುತ್ತದೆ.

ಸ್ಟಿಕ್ಸ್ ಮತ್ತು ಆಟ್ರೋಪಸ್ ನಿಜಕ್ಕೂ ಗೊಂದಲಕ್ಕೆ ಎಡೆಮಾಡುವುದು ಸೌದಿ ಅರೇಬಿಯಾ, ಇರಾನ್ ಸುತ್ತಮುತ್ತ, ಎರಡರ ನೆಲೆಯೂ ಕೂಡುವಲ್ಲಿ. ಅಲ್ಲಿ ಮುಂದಿನ ರೆಕ್ಕೆಯ ಅಡಿಭಾಗ ನೋಡಬೇಕು. ನಡುವೆ ಅಡ್ಡಪಟ್ಟಿ ಎರಡಿದ್ದರೆ ಸ್ಟಿಕ್ಸ್, ಒಂದೇ ಇದ್ದರೆ ಆಟ್ರೋಪಸ್. ದೀಪದ ಬೆಳಕಿಗೆ ಬಂದು ಕಿಟಕಿ ಗಾಜಿಗೆ ಅಂಟಿದ ಪತಂಗವಾದರೆ ಒಳಗಿನಿಂದ ಅಡಿಭಾಗದ ಚಿತ್ರ ಸುಲಭವಾಗಿ ಸಿಗುತ್ತದೆ. ಮೇಲ್ಬದಿಯೊಂದೇ ಕಂಡರೆ ಮುಂದಿನ ರೆಕ್ಕೆಯ ನಡುವಿನ ಪುಟ್ಟ ಚುಕ್ಕೆ ಗಮನಿಸಿ. ಸ್ಟಿಕ್ಸ್‌ನಲ್ಲಿ ಅದು ಕಿತ್ತಳೆ ಬಣ್ಣದ್ದು. ಹಾರಿ ಸವೆದ ಪತಂಗದಲ್ಲಿ ಹುರುಪೆ ಉದುರಿ ಈ ಚುಕ್ಕೆ ಮಂಕಾಗಿರುತ್ತದೆ, ಜೋರಾದ ಫ್ಲ್ಯಾಶ್ ಬಣ್ಣವನ್ನೇ ಬದಲಿಸಿಬಿಡುತ್ತದೆ. ಅಂಥ ಚಿತ್ರಕ್ಕೆ ‘ಅಕೆರೋಂಟಿಯ’ ಎಂಬ ಕುಲದ ಹೆಸರಷ್ಟನ್ನೇ ಬರೆದು, ಸ್ಥಳ ಮತ್ತು ದಿನಾಂಕ ಸೇರಿಸಿಡುವುದು ಸರಿ.