ಗಡಿಯಾರ ಬೇಡ, ಆಯಿಲ್ ಮುಳ್ಳು ನೋಡಿ

ಪುಟ್ಟ ವಿಮಾನದ ಎಂಜಿನ್ ಸ್ಟಾರ್ಟ್ ಆದ ಮೇಲೂ ಪೈಲಟ್ ಹೊರಡದೆ ಕಾಯುತ್ತಾರೆ. ನೋಡುವವರಿಗೆ ಸುಮ್ನೆ ಇಂಧನ ಸುಡುತ್ತಿದ್ದಾರೆ ಅನ್ನಿಸಬಹುದು. ಆದರೆ ತಣ್ಣಗಿರುವ ಎಂಜಿನ್ನಿನ ಭಾಗಗಳು ಇನ್ನೂ ತಮ್ಮ ಅಳತೆಗೇ ಬಂದಿರುವುದಿಲ್ಲ.

ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಅದು ಓಡಾಡುವ ಸಿಲಿಂಡರ್ ಕೊಳವೆ ಸಾಮಾನ್ಯವಾಗಿ ಉಕ್ಕಿನದು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಅದರ ಮೇಲೆ ಪಿಸ್ಟನ್ ಬೆಂಕಿಗೆ ನೇರವಾಗಿ ಮೈಯೊಡ್ಡಿರುತ್ತದೆ. ಕೊಳವೆಗೋ ಹೊರಗಿನಿಂದ ತಣ್ಣನೆ ಗಾಳಿ. ಈ ಹೊತ್ತಿನಲ್ಲಿ ಎಂಜಿನ್ನಿನ ಶಕ್ತಿ ಏರಿಸುವ ಥ್ರಾಟಲ್ ಪೂರ್ತಿ ತೆರೆದರೆ ಪಿಸ್ಟನ್ ಬೇಗ ಉಬ್ಬುತ್ತದೆ, ಕೊಳವೆ ಹಿಂದೆ ಬೀಳುತ್ತದೆ. ನಡುವಿನ ಸಂದು ಕಿರಿದಾಗಿ ಎಣ್ಣೆಯ ತೆಳು ಪದರ ಕಿತ್ತುಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜಿ ಗೀರು ಬೀಳುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಇಂಥ ಅನೇಕ ಎಂಜಿನ್‌ಗಳಲ್ಲಿ ಕೊಳವೆಯ ಮೇಲ್ತುದಿಯನ್ನು ಬೇಕೆಂದೇ ಒಂಚೂರು ಕಿರಿದಾಗಿ ಕೊರೆದಿರುತ್ತಾರೆ. ಉರಿಯುವ ಭಾಗ ಅದೇ ಆದ್ದರಿಂದ ಅದು ಜಾಸ್ತಿ ಹಿಗ್ಗುತ್ತದೆ. ಪೂರ್ತಿ ಬಿಸಿಯಾದಾಗ ಮಾತ್ರ ಕೊಳವೆ ಮೇಲಿಂದ ಕೆಳಗಿನವರೆಗೆ ಒಂದೇ ಅಗಲಕ್ಕೆ ಬರುತ್ತದೆ.

ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟ್ ಹತ್ತಿರ ಕಥೆ ತಿರುವುಮುರುವು. ಶಾಫ್ಟ್ ಉಕ್ಕಿನದು, ಅದನ್ನು ಹಿಡಿದಿರುವ ಕೇಸ್ ಅಲ್ಯೂಮಿನಿಯಮ್ಮಿನದು. ಕೊರೆಯುವ ಚಳಿಯಲ್ಲಿ ಕೇಸ್ ಜಾಸ್ತಿ ಕುಗ್ಗಿ, ಶಾಫ್ಟ್ ತಿರುಗುವ ಬೇರಿಂಗ್ ಸಂದು ಬಿಗಿಯಾಗುತ್ತದೆ. ಎಣ್ಣೆಯೂ ಆಗಲೇ ಗಟ್ಟಿಯಾಗಿರುತ್ತದೆ. ಅದಕ್ಕೇ ವಿಮಾನದ ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿ ತನ್ನ ಹೆಚ್ಚಿನ ಎಂಜಿನ್‌ಗಳನ್ನು ಸುಮಾರು ಮೈನಸ್ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸ್ಟಾರ್ಟ್ ಮಾಡುವ ಮೊದಲೇ ಹೊರಗಿನಿಂದ ಬಿಸಿಮಾಡಿ ಅನ್ನುತ್ತದೆ.

ಇಲ್ಲಿ ಎಣ್ಣೆಯ ಒತ್ತಡ ತೋರಿಸುವ ಆಯಿಲ್ ಪ್ರೆಶರ್ ಮುಳ್ಳು ನಮ್ಮನ್ನು ಮೋಸ ಮಾಡಬಹುದು. ತಣ್ಣನೆ ಎಂಜಿನ್‌ನಲ್ಲಿ ಅದು ಮೇಲೆಯೇ ನಿಂತಿರುತ್ತದೆ. ಒತ್ತಡ ಚೆನ್ನಾಗಿದೆ, ಇನ್ನೇನು ಬೇಕು ಅನ್ನಿಸುತ್ತೆ, ಅಲ್ವಾ? ಗಟ್ಟಿ ಎಣ್ಣೆ ಸಣ್ಣ ದಾರಿಗಳಲ್ಲಿ ಮುಂದೆ ಹೋಗಲಾರದೆ ಹಿಂದೆ ಒತ್ತಿಕೊಂಡು ನಿಂತಿರುತ್ತದೆ, ಅದಕ್ಕೇ ಅಷ್ಟು ಒತ್ತಡ. ಎಣ್ಣೆ ಸಲೀಸಾಗಿ ಹರಿಯುವಷ್ಟು ಬಿಸಿಯಾಗಿದೆಯೇ ಅನ್ನುವುದನ್ನು ಹೇಳುವುದು ಪಕ್ಕದ ಟೆಂಪರೇಚರ್ ಮುಳ್ಳು.

ಹಾಗಂತ ಒತ್ತಡದ ಮುಳ್ಳನ್ನು ಮರೆಯುವ ಹಾಗಿಲ್ಲ. ಸ್ಟಾರ್ಟ್ ಆಗಿ 30 ಸೆಕೆಂಡಿನೊಳಗೆ ಅದು ಮೇಲೇಳದಿದ್ದರೆ ಎಂಜಿನ್ ಆರಿಸಬೇಕು. ಕಡು ಚಳಿಯಲ್ಲಿ ಸ್ವಲ್ಪ ಜಾಸ್ತಿ ಸಮಯ ಕೊಡುತ್ತಾರೆ. ಆಮೇಲೆ ವಿಮಾನದ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಲೈಕಮಿಂಗ್ ಥರದ ಎಂಜಿನ್ ಆದರೆ 1000ರಿಂದ 1200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಓಡಿಸುತ್ತಾರೆ. ತೀರಾ ಕಡಿಮೆ ವೇಗವೂ ಒಳ್ಳೆಯದಲ್ಲ. ಏವಿಯೇಷನ್ ಪೆಟ್ರೋಲಿನಲ್ಲಿ ಬೆರೆತ ಸೀಸ ಆಗ ಸ್ಪಾರ್ಕ್ ಪ್ಲಗ್ ಮೇಲೆ ಕಟ್ಟಿಕೊಳ್ಳುತ್ತದೆ. ರೋಟ್ಯಾಕ್ಸ್ 912 ಅನ್ನುವ ಇನ್ನೊಂದು ಎಂಜಿನ್ನಿಗೆ ಪ್ರೊಪೆಲ್ಲರ್ ನಡುವೆ ಗೇರ್ ಇರುವುದರಿಂದ ಲೆಕ್ಕ ಬೇರೆ: ಎರಡು ನಿಮಿಷದಷ್ಟು 2000 ಆರ್‌ಪಿಎಂ, ನಂತರ 2500, ಎಣ್ಣೆ 50 ಡಿಗ್ರಿ ಮುಟ್ಟುವವರೆಗೆ. ‘ಐದು ನಿಮಿಷ ಆಯ್ತು, ಹೊರಡೋಣ’ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಚಳಿಗಾಲದ ಐದು ನಿಮಿಷವೂ ಬೇಸಿಗೆಯ ಐದು ನಿಮಿಷವೂ ಒಂದೇ ಅಲ್ಲ.

ಅತಿ ಹೆಚ್ಚು ಹೊತ್ತು ನಿಲ್ಲಿಸಿ ಓಡಿಸುವುದೂ ತಪ್ಪೇ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಹಾರುವಾಗಿನ ಗಾಳಿ ನೆಲದ ಮೇಲೆ ಸಿಗುವುದಿಲ್ಲ. ವಾರಗಟ್ಟಲೆ ಹಾರಿಸದೆ, ಎಂಜಿನ್ ಕೆಡದಿರಲಿ ಅಂತ ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸುವವರಿದ್ದಾರೆ. ಇಂಧನ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಆ ಆವಿಯನ್ನು ಹೊರಹಾಕುವಷ್ಟು ಎಣ್ಣೆ ಬಿಸಿಯಾಗದಿದ್ದರೆ ತೇವ ಒಳಗೇ ಉಳಿದು ತುಕ್ಕಿಗೆ ದಾರಿಯಾಗುತ್ತದೆ.

ಎಣ್ಣೆ ಬಿಸಿಯಾದ ಮೇಲೆ, ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೋದ ಪರೀಕ್ಷೆ. ಎಂಜಿನ್ ತಡವರಿಸದೆ ಥ್ರಾಟಲ್ ಜೊತೆಗೇ ವೇಗ ಹಿಡಿದರೆ ಸಿದ್ಧ ಅಂತ ಅರ್ಥ. ರನ್‌ವೇಯಲ್ಲೂ ಥ್ರಾಟಲನ್ನು ಒಂದೇ ಸಲ ತಳ್ಳದೆ, ಎರಡು ಮೂರು ಸೆಕೆಂಡು ತೆಗೆದುಕೊಂಡು ನಯವಾಗಿ ತೆರೆಯಬೇಕು. ಆಗಲೂ ಎಂಜಿನ್ ಮುಗ್ಗರಿಸಿದರೆ, ಮುಂದೆ ರನ್‌ವೇ ಉಳಿದಿರುವಾಗಲೇ ಥ್ರಾಟಲ್ ಮುಚ್ಚಿ ವಾಪಸ್ ಬರಬೇಕು.