ಸಮ್ಮೋಹನ ಕೈಕೊಟ್ಟಾಗ ಹುಟ್ಟಿದ ಚಿಕಿತ್ಸೆ

ಮನೋವಿಶ್ಲೇಷಣೆ ಎಂದಕೂಡಲೇ ಬಹಳ ಜನಕ್ಕೆ ನೆನಪಾಗುವುದು ಗಡ್ಡದ ಫ್ರಾಯ್ಡ್, ರೋಗಿ ಮಲಗುವ ಒಂದು ಸೋಫಾ, ಎಲ್ಲಕ್ಕೂ ಕಾಮವೇ ಮೂಲ ಎಂಬ ಮಾತು. ಅದರ ಮುಖ್ಯ ಪರಿಕಲ್ಪನೆಗಳು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದರೆ ಸಿಗುವ ಚಿತ್ರ ಬೇರೆ. 1880ರಿಂದ ಸುಮಾರು ಎರಡು ದಶಕಗಳ ಕಾಲ ವಿಯೆನ್ನಾದಲ್ಲಿ ಚಿಕಿತ್ಸೆ ಎಲ್ಲೆಲ್ಲಿ ಮುಗ್ಗರಿಸಿತೋ ಅಲ್ಲಲ್ಲೇ ಒಂದೊಂದು ಪರಿಕಲ್ಪನೆ ಹುಟ್ಟಿದೆ.

ಮೊದಲ ರೋಗಿ ಫ್ರಾಯ್ಡ್‌ನ ಬಳಿಗೆ ಬಂದವಳೇ ಅಲ್ಲ. ಆಕೆಗೆ ಚಿಕಿತ್ಸೆ ಕೊಟ್ಟವನು ಅವನ ಹಿರಿಯ ಮಿತ್ರ, ವೈದ್ಯ ಯೋಸೆಫ್ ಬ್ರಾಯರ್. 1880ರಲ್ಲಿ, ಹಾಸಿಗೆ ಹಿಡಿದ ತಂದೆಯ ಆರೈಕೆ ಮಾಡುತ್ತಿದ್ದ 21ರ ಯುವತಿ ಬರ್ಥಾ ಪಾಪೆನ್‌ಹೈಮ್‌ಗೆ ವಿಚಿತ್ರ ಕೆಮ್ಮು ಶುರುವಾಯಿತು. ಆಮೇಲೆ ಬಲಗೈ ಮರಗಟ್ಟಿತು, ದೃಷ್ಟಿ ಕೆಟ್ಟಿತು. ಮಾತೃಭಾಷೆ ಜರ್ಮನ್ ನಾಲಗೆಯಿಂದ ಜಾರಿಹೋಗಿ ಇಂಗ್ಲಿಷ್ ಮಾತ್ರ ಉಳಿಯಿತು. ಒಂದು ಬೇಸಿಗೆಯಲ್ಲಿ ಬಾಯಾರಿಕೆಯಿಂದ ಕಂಗೆಟ್ಟರೂ ಲೋಟ ತುಟಿಗೆ ತಾಗಿದ ಕೂಡಲೇ ದೂರ ತಳ್ಳುತ್ತಿದ್ದಳು. ಆರು ವಾರ ಹಣ್ಣುಗಳಲ್ಲೇ ಕಳೆದಳು. ಕೊನೆಗೆ ಸಮ್ಮೋಹನದ ಸ್ಥಿತಿಯಲ್ಲಿ ಕಾರಣ ಹೊರಬಿತ್ತು: ಮನೆಯಲ್ಲಿದ್ದ ಇಂಗ್ಲಿಷ್ ಸಂಗಾತಿ ಹೆಂಗಸಿನ ನಾಯಿ ಲೋಟಕ್ಕೆ ಬಾಯಿ ಹಾಕಿ ನೀರು ಕುಡಿದದ್ದನ್ನು ಆಕೆ ಕಂಡಿದ್ದಳು, ಮರ್ಯಾದೆಗೆ ಅಂಜಿ ಸುಮ್ಮನಿದ್ದಳು. ಅಂದು ನುಂಗಿಕೊಂಡ ಅಸಹ್ಯವನ್ನೆಲ್ಲ ಕಾರಿಕೊಂಡ ಮೇಲೆ ನೀರು ಕೇಳಿದಳು. ಎಚ್ಚರವಾದಾಗ ಲೋಟ ತುಟಿಯಲ್ಲಿತ್ತು.

ಬ್ರಾಯರ್ ಇದನ್ನೇ ಒಂದು ವಿಧಾನ ಮಾಡಿಕೊಂಡ. ಒಂದು ರೋಗಲಕ್ಷಣ ಹಿಡಿಯುವುದು, ಅದು ಕಾಣಿಸಿಕೊಂಡ ಪ್ರತಿ ಸಂದರ್ಭವನ್ನೂ ಇತ್ತೀಚಿನದರಿಂದ ಹಿಂದಕ್ಕೆ ಸಾಲಾಗಿ ಹೇಳಿಸುವುದು, ಮೊತ್ತಮೊದಲ ಸಂದರ್ಭ ತಲುಪುವವರೆಗೆ ಬಿಡದಿರುವುದು. ಯಾರಾದರೂ ಒಳಗೆ ಬಂದದ್ದು ಕಿವಿಗೆ ಬೀಳದೇ ಹೋದ ಸಂದರ್ಭಗಳೇ 108 ದಾಖಲಾದವು. ಅಷ್ಟೋತ್ತರ ಕೇಳುವ ತಾಳ್ಮೆ ಆ ವೈದ್ಯನಿಗಿತ್ತು ಎನ್ನೋಣ. ಈ ಪದ್ಧತಿಗೆ ಆಕೆಯೇ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟಳು.

ರೋಗಿ ಪೂರ್ತಿ ಗುಣವಾದಳು ಎಂಬ ಅರ್ಥ ಬರುವಂತೆ ಬ್ರಾಯರ್ 1895ರಲ್ಲಿ ಬರೆದ. ಅದು ನಿಜವಲ್ಲ. 1882ರ ಜುಲೈನಲ್ಲಿ ಆಕೆಯನ್ನು ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗನ್‌ನ ಬೆಲ್‌ವ್ಯೂ ಆರೋಗ್ಯಧಾಮಕ್ಕೆ ಸೇರಿಸಬೇಕಾಯಿತು. ಅಷ್ಟು ಹೊತ್ತಿಗೆ ಮಾರ್ಫಿನ್ ಚಟವೂ ಅಂಟಿಕೊಂಡಿತ್ತು. ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್ ಅಲ್ಲಿನ ಕಡತ ಪತ್ತೆಹಚ್ಚಿ 1972ರಲ್ಲಿ ಪ್ರಕಟಿಸಿದ ಮೇಲೆ ಈ ಸಂಗತಿ ಎಲ್ಲರಿಗೂ ತಿಳಿಯಿತು. ಪಾಪೆನ್‌ಹೈಮ್ ಮುಂದೆ ಜರ್ಮನಿಯ ಯಹೂದಿ ಮಹಿಳಾ ಸಂಘಟನೆಯ ನಾಯಕಿಯಾದಳು, ಆದರೆ ಅದರ ಶ್ರೇಯಸ್ಸನ್ನು ಚಿಕಿತ್ಸೆಗೆ ಕೊಡುವಂತಿಲ್ಲ.

1885-86ರಲ್ಲಿ ಪ್ಯಾರಿಸಿನಲ್ಲಿ ನರರೋಗ ತಜ್ಞ ಶಾರ್ಕೋನ ಕೈಕೆಳಗೆ ಕಲಿತು ಬಂದ ಫ್ರಾಯ್ಡ್ ವಿಯೆನ್ನಾದಲ್ಲಿ ಪ್ರ್ಯಾಕ್ಟೀಸ್ ತೆರೆದ. ತೊಡಕು ಬೇಗನೇ ಎದುರಾಯಿತು: ಎಲ್ಲರನ್ನೂ ಸಮ್ಮೋಹನಕ್ಕೆ ಒಳಪಡಿಸಲು ಆಗುತ್ತಿರಲಿಲ್ಲ. ‘ನಿಮಗೆ ನಿದ್ದೆ ಬರುತ್ತಿದೆ’ ಎಂದರೆ ‘ಡಾಕ್ಟ್ರೇ, ನನಗೆ ನಿದ್ದೆ ಬಂದಿಲ್ಲ’ ಎನ್ನುವವರೂ ಇದ್ದರು. 1889ರಲ್ಲಿ ಫ್ರಾನ್ಸಿನ ನಾನ್ಸಿ ನಗರದಲ್ಲಿ, ಸಮ್ಮೋಹನದಿಂದ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಬರ್ನ್‌ಹೈಮ್ ಅವನಿಗೆ ಒಂದು ಪ್ರಯೋಗ ತೋರಿಸಿದ್ದ. ಸಮ್ಮೋಹನದಲ್ಲಿ ನಡೆದದ್ದು ಏನೂ ನೆನಪಿಲ್ಲ ಎನ್ನುವವರು, ಎಚ್ಚರದಲ್ಲಿ ಒತ್ತಾಯಿಸಿ ಕೇಳಿದರೆ ಒಂದೊಂದಾಗಿ ಎಲ್ಲವನ್ನೂ ಹೇಳುತ್ತಿದ್ದರು. ಹಾಗಿದ್ದರೆ ನೆನಪು ಅಳಿದಿಲ್ಲ, ಎಲ್ಲೋ ಇದೆ. ಫ್ರಾಯ್ಡ್ ರೋಗಿಯ ಹಣೆಯ ಮೇಲೆ ಕೈಯಿಟ್ಟು ಒತ್ತಿ, ‘ಕೈ ತೆಗೆದ ಕ್ಷಣ ಏನಾದರೂ ಹೊಳೆಯುತ್ತದೆ, ಅದನ್ನು ಹೇಳಿ’ ಎನ್ನತೊಡಗಿದ.

1892ರಲ್ಲಿ ಕಾಲುನೋವೆಂದು ಬಂದ 24 ವರ್ಷದ ಎಲಿಜಬೆತ್ (ಇದು ಪ್ರಕರಣಕ್ಕೆ ಇಟ್ಟ ಹೆಸರು) ಮೇಲೆ ಈ ಉಪಾಯ ಕೆಲವೊಮ್ಮೆ ಸೋಲುತ್ತಿತ್ತು. ‘ಏನೂ ಹೊಳೆಯಲಿಲ್ಲ’ ಎನ್ನುತ್ತಿದ್ದಳು. ಆದರೆ ಮುಖ ಬೇರೆಯದನ್ನೇ ಹೇಳುತ್ತಿತ್ತು. ಹೊಳೆದದ್ದು ಹೇಳಲಾಗದಂಥದ್ದು ಎಂಬುದು ಫ್ರಾಯ್ಡ್‌ಗೆ ತಿಳಿಯಿತು. ಅಕ್ಕನ ಶವದ ಪಕ್ಕ ನಿಂತಾಗ ‘ಭಾವ ಈಗ ಒಂಟಿ, ನಾನು ಅವನ ಹೆಂಡತಿಯಾಗಬಹುದು’ ಎಂಬ ಯೋಚನೆ ಮಿಂಚಿ ಮಾಯವಾಗಿತ್ತು. ಮಾತು ಹೀಗೆ ನಿಂತುಹೋಗುವ ಜಾಗಕ್ಕೆ ಅವನು ಪ್ರತಿರೋಧ ಎಂದ. ಆ ಯೋಚನೆಯನ್ನು ಒಳಗೆ ಅದುಮಿಟ್ಟ ಶಕ್ತಿಗೆ ದಮನ ಎಂದ. ಅದುಮಿದ್ದು ಸಾಯುವುದಿಲ್ಲ, ದೇಹದಲ್ಲೋ ಕನಸಿನಲ್ಲೋ ವೇಷ ಹಾಕಿಕೊಂಡು ಬರುತ್ತದೆ. ಸುಪ್ತ ಮನಸ್ಸು ಎಂಬ ಮಾತು ಮೊದಲೂ ಇತ್ತು. ಅದಕ್ಕೊಂದು ಕಾವಲಿದೆ ಎಂದದ್ದು ಫ್ರಾಯ್ಡ್.

ಕ್ರಮೇಣ ಒತ್ತುವ ಕೈಯೂ ಹೋಯಿತು. ‘ಪದೇಪದೇ ಕೇಳಬೇಡಿ, ನನ್ನ ಪಾಡಿಗೆ ಹೇಳಲು ಬಿಡಿ’ ಎಂದು ಒಬ್ಬ ರೋಗಿ 1889ರಲ್ಲೇ ಗೊಣಗಿದ್ದಳು. ಉಳಿದದ್ದು ಒಂದೇ ನಿಯಮ: ಮನಸ್ಸಿಗೆ ಬಂದದ್ದನ್ನು, ಅದು ಕ್ಷುಲ್ಲಕವೆನಿಸಲಿ, ನಾಚಿಕೆ ತರಲಿ, ಸೋಸದೆ ಹೇಳುವುದು. ಇದೇ ಮುಕ್ತ ಸಹಚರ್ಯ. ಕನಸಿಗೂ ಇದನ್ನೇ ಬಳಸಿದ. ಕನಸನ್ನು ಇಡಿಯಾಗಿ ಅರ್ಥೈಸುವುದಿಲ್ಲ, ತುಂಡು ಮಾಡಿ ಪ್ರತಿ ತುಂಡಿಗೂ ಏನು ನೆನಪಾಗುತ್ತದೆಂದು ಕೇಳುತ್ತಾರೆ. ‘ಹಾವು ಕಂಡರೆ ಇಂಥದ್ದು’ ಎಂಬ ಸಿದ್ಧ ಪಟ್ಟಿಗಳಿಗೂ ಈ ವಿಧಾನಕ್ಕೂ ಬಹಳ ದೂರ.

ಇದರ ನಡುವೆ ದೊಡ್ಡ ಪೆಟ್ಟೊಂದು ಬಿತ್ತು. ಹಿಸ್ಟೀರಿಯಾದ (ದೈಹಿಕ ಕಾರಣ ಕಾಣದೆ ದೇಹದಲ್ಲಿ ತೋರುವ ಇಂಥ ಕಾಯಿಲೆಗಳಿಗೆ ಆಗ ಇದ್ದ ಹೆಸರು) ಬೇರು ಬಾಲ್ಯದಲ್ಲಾದ ಲೈಂಗಿಕ ದೌರ್ಜನ್ಯ ಎಂದು 1896ರಲ್ಲಿ ಸಾರಿದ್ದ ಫ್ರಾಯ್ಡ್, 1897ರ ಸೆಪ್ಟೆಂಬರ್ 21ರಂದು ಗೆಳೆಯ ಫ್ಲೀಸ್‌ಗೆ ಪತ್ರ ಬರೆದು ಆ ಸಿದ್ಧಾಂತದಲ್ಲಿ ತನಗೀಗ ನಂಬಿಕೆಯಿಲ್ಲ ಎಂದ. ಚಿಕಿತ್ಸೆಗಳು ದಡ ಮುಟ್ಟುತ್ತಿರಲಿಲ್ಲ, ಸುಪ್ತ ಮನಸ್ಸಿನಲ್ಲಿ ನಡೆದದ್ದಕ್ಕೂ ಕಲ್ಪಿಸಿಕೊಂಡದ್ದಕ್ಕೂ ಗೆರೆ ಎಳೆಯಲಾಗುತ್ತಿರಲಿಲ್ಲ. ಮಗುವಿನ ಬಯಕೆ, ಈಡಿಪಸ್ ಸಂಘರ್ಷ (ತಂದೆತಾಯಿಯರಲ್ಲಿ ಒಬ್ಬರ ಮೇಲೆ ಮೋಹ, ಇನ್ನೊಬ್ಬರ ಮೇಲೆ ಪೈಪೋಟಿ) ಇವುಗಳ ಕಡೆ ಹೊರಳಿದ್ದು ಇಲ್ಲಿಂದ. ನಿಜವಾಗಿ ದೌರ್ಜನ್ಯಕ್ಕೊಳಗಾದವರ ಮಾತನ್ನೂ ಕಲ್ಪನೆ ಎಂದು ತಳ್ಳಿಹಾಕಲು ಈ ಹೊರಳು ದಾರಿ ಮಾಡಿಕೊಟ್ಟಿತು ಎಂಬ ಆಕ್ಷೇಪ ಇಂದಿಗೂ ಇದೆ. ಅದರಲ್ಲಿ ಹುರುಳಿದೆ.

ಫ್ರಾಯ್ಡ್ ‘ಡೋರಾ’ ಎಂದು ಹೆಸರಿಟ್ಟು ಬರೆದ 18 ವರ್ಷದ ರೋಗಿ 1900ರ ಡಿಸೆಂಬರ್ 31ರಂದು, ಮೂರು ತಿಂಗಳೂ ತುಂಬುವ ಮೊದಲೇ, ಚಿಕಿತ್ಸೆ ಬಿಟ್ಟು ಎದ್ದುಹೋದಳು. ಬೇರೊಬ್ಬ ಗಂಡಸಿನ ಮೇಲಿದ್ದ ಸಿಟ್ಟನ್ನು ತನ್ನ ಮೇಲೆ ತೀರಿಸಿಕೊಂಡಳು, ಅದನ್ನು ಸಕಾಲದಲ್ಲಿ ಗುರುತಿಸದೇ ಹೋದೆ ಎಂದು ಫ್ರಾಯ್ಡ್ ಬರೆದುಕೊಂಡ. ಹಳೆಯ ಸಂಬಂಧಗಳ ಪ್ರೀತಿ, ದ್ವೇಷ ವೈದ್ಯನ ಮೇಲೆ ಬಂದು ಕೂರುವ ಈ ಭಾವವರ್ಗಾವಣೆಯೇ ಮುಂದೆ ಚಿಕಿತ್ಸೆಯ ಮುಖ್ಯ ಸಾಧನವಾಯಿತು.

1911ರಿಂದ 1915ರ ನಡುವೆ ಬರೆದ ಲೇಖನಗಳಲ್ಲಿ ಕೋಣೆಯೊಳಗಿನ ಶಿಸ್ತು ಗಟ್ಟಿಯಾಯಿತು. ವಾರಕ್ಕೆ ಆರು ದಿನ, ದಿನಕ್ಕೊಂದು ಗಂಟೆ. ಮೊದಲ ಒಂದೆರಡು ವಾರ ಪರೀಕ್ಷಾರ್ಥ. ಗೊತ್ತಾದ ಗಂಟೆಗೆ ಬರದಿದ್ದರೂ ಶುಲ್ಕ ಕೊಡಬೇಕು. ರೋಗಿ ಮಲಗಿರುತ್ತಾನೆ, ವೈದ್ಯ ಅವನ ಕಣ್ಣಿಗೆ ಬೀಳದಂತೆ ತಲೆಯ ಹಿಂದೆ ಕೂರುತ್ತಾನೆ, ಕೇಳುವಾಗ ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳಲು ಹೊರಟರೆ ಮುಖ್ಯವೆಂದು ತನಗೆ ತೋರಿದ್ದನ್ನಷ್ಟೇ ಆರಿಸುವ ಅಪಾಯವಿದೆ. ಹಿಂದೆ ಕೂರಲು ಇನ್ನೊಂದು ಕಾರಣವನ್ನೂ ಫ್ರಾಯ್ಡ್ ಒಪ್ಪಿಕೊಂಡಿದ್ದಾನೆ: ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಅವಸರದ ವೈದ್ಯರು ಮಾಡುವ ತಪ್ಪಿನ ಬಗ್ಗೆ 1910ರಲ್ಲೇ ಎಚ್ಚರಿಸಿದ್ದ. ಸುಪ್ತ ಮನಸ್ಸಿನಲ್ಲಿ ಇರುವುದನ್ನು ರೋಗಿಗೆ ಥಟ್ಟನೆ ಹೇಳಿಬಿಡುವುದು ಬರಗಾಲದಲ್ಲಿ ಹಸಿದವರಿಗೆ ಮೆನು ಕಾರ್ಡ್ ಹಂಚಿದಂತೆ ಎಂದ. ಪ್ರತಿರೋಧ ಕರಗದೆ ತಿಳಿವಳಿಕೆ ಕೊಟ್ಟರೆ ನರಳಾಟ ಹೆಚ್ಚುವುದೇ ಜಾಸ್ತಿ.

ಭಾರತಕ್ಕೆ ಇದು ಬಂದದ್ದು ಕಲ್ಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸರ ಮೂಲಕ. 1922ರಲ್ಲಿ ಅವರು ಇಂಡಿಯನ್ ಸೈಕೋಅನಲಿಟಿಕಲ್ ಸೊಸೈಟಿ ಕಟ್ಟಿದರು. ಫ್ರಾಯ್ಡ್‌ಗೆ ಪತ್ರ ಬರೆಯುತ್ತಲೇ ಅವನ ಮಾತನ್ನು ಒಪ್ಪದೆಯೂ ಇದ್ದರು. ಪ್ರತಿ ಬಯಕೆಯ ಜೊತೆಗೂ ಅದರ ವಿರುದ್ಧ ಬಯಕೆ ಹುಟ್ಟುತ್ತದೆ, ದಮನಕ್ಕೆ ಅದೇ ಕಾರಣ ಎಂಬುದು ಬೋಸರ ವಾದ. ತಮ್ಮ ಭಾರತೀಯ ರೋಗಿಗಳಲ್ಲಿ ಫ್ರಾಯ್ಡ್ ಹೇಳುವಂಥ ಶಿಶ್ನಚ್ಛೇದನದ ಭಯ ಯುರೋಪಿನವರಷ್ಟು ಎದ್ದು ಕಾಣುವುದಿಲ್ಲ, ಹೆಣ್ಣಾಗಬೇಕೆಂಬ ಬಯಕೆ ಹೆಚ್ಚು ಸುಲಭವಾಗಿ ಹೊರಬರುತ್ತದೆ ಎಂದೂ ಅವರು ಬರೆದರು.

ಈ ಬಗೆಯ ಭಿನ್ನಮತವನ್ನು ಬಗೆಹರಿಸುವುದು ಹೇಗೆ? ಮಂಚದ ಮೇಲಿನ ಮಾತೇ ಸಾಕ್ಷಿಯಾದರೆ, ಆ ಮಾತನ್ನು ವೈದ್ಯನ ನಿರೀಕ್ಷೆಯೇ ಬಿತ್ತಿರಬಹುದು ಎಂದು ತತ್ವಶಾಸ್ತ್ರಜ್ಞ ಅಡಾಲ್ಫ್ ಗ್ರುನ್‌ಬಾಮ್ 1984ರಲ್ಲಿ ವಾದಿಸಿದ. ಸಮ್ಮೋಹನವನ್ನು ಕೈಬಿಟ್ಟರೆ ವೈದ್ಯನ ಸೂಚನೆಯ ಪ್ರಭಾವವೂ ತೊಲಗೀತು ಎಂಬ ಭರವಸೆ ಫ್ರಾಯ್ಡ್‌ಗಿತ್ತು. ಗ್ರುನ್‌ಬಾಮ್ ಪ್ರಕಾರ ಆ ಪ್ರಭಾವ ಕೋಣೆಯಿಂದ ಹೊರಗೆ ಹೋಗಲೇ ಇಲ್ಲ.