ಇಸಿ ‘ನಿಲ್’ ಬಂದರೆ ಸಾಕೇ?

‘ಹದಿಮೂರು ವರ್ಷದ ಇಸಿ ತಗಿಸೇವ್ರಿ, ನಿಲ್ ಐತಿ. ಇನ್ನ ಸಂಚಕಾರ (ಮುಂಗಡ) ಕೊಡಬಹುದಲ್ರಿ?’ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮನೆ ಕೊಳ್ಳುವವರ ಮೊದಲ ಪ್ರಶ್ನೆ ಇದು. ಇಸಿ ಎಂದರೆ ಸಬ್ ರಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ. ಅದು ತಿಳಿಸುವುದು ಒಂದೇ ಸಂಗತಿ: ನೀವು ಕೊಟ್ಟ ನಂಬರಿನ ಮೇಲೆ, ನೀವು ಕೇಳಿದ ಅವಧಿಯಲ್ಲಿ ಯಾವ್ಯಾವ ಪತ್ರ ನೋಂದಣಿಯಾಗಿವೆ ಎಂಬುದು. ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16, ಅದೇ ‘ನಿಲ್’. ನೋಂದಣಿಯೇ ಆಗದ ಹಕ್ಕು, ಋಣ, ವ್ಯಾಜ್ಯ ಅದರಲ್ಲಿ ಕಾಣುವುದಿಲ್ಲ.

ಮೊದಲು ನಂಬರಿನ ಮಾತು. ನಮ್ಮ ಕಡೆ ಒಂದೇ ಜಾಗಕ್ಕೆ ಮೂರು ನಾಲ್ಕು ನಂಬರ್ ಇರುತ್ತವೆ. ಹೊಲವಾಗಿದ್ದಾಗ ರಿ.ಸ. (ರಿವಿಜನ್ ಸರ್ವೆ) ನಂಬರ್, ಎನ್.ಎ. (ಬಿನ್‌ಶೇತ್ಕಿ, ಅಂದರೆ ಕೃಷಿಯೇತರ) ಆದ ಮೇಲೆ ಪ್ಲಾಟ್ ನಂಬರ್, ಸಿಟಿ ಸರ್ವೆ ಆದ ಕಡೆ ಸಿ.ಟಿ.ಎಸ್. ನಂಬರ್, ಜೊತೆಗೆ ಪಾಲಿಕೆಯ ಆಸ್ತಿ ನಂಬರ್. ಬರೀ ಸಿ.ಟಿ.ಎಸ್. ನಂಬರ್ ಹಾಕಿ ಇಸಿ ತೆಗೆದರೆ, ರಿ.ಸ. ನಂಬರ್ ಬರೆದು ನೋಂದಾಯಿಸಿದ ಹಳೆಯ ಅಡಮಾನ ಕಣ್ಣಿಗೆ ಬೀಳದೇ ಹೋಗಬಹುದು. ಆದ್ದರಿಂದ ಹಳೆಯ ಖರೀದಿ ಪತ್ರಗಳಲ್ಲಿ ಬರೆದಿರುವ ಪ್ರತಿಯೊಂದು ನಂಬರಿಗೂ ಬೇರೆ ಬೇರೆ ಇಸಿ ತೆಗೆಸಿ. ನೋಂದಣಿ ಇಲಾಖೆಯ ‘ಕಾವೇರಿ’ ತಾಣದಲ್ಲಿ ಸಿಗುವುದು 2004ರ ಏಪ್ರಿಲ್ ನಂತರದ್ದು; ಅದಕ್ಕೂ ಹಿಂದಿನದನ್ನು ಸಬ್ ರಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಹುಡುಕಿಸಬೇಕು. ನನ್ನ ಸಲಹೆ 30 ವರ್ಷದ ಇಸಿ. ಅಡಮಾನ ಬಿಡಿಸಿಕೊಳ್ಳಲು ದಾವೆ ಹೂಡುವ ಕಾಲಮಿತಿ 30 ವರ್ಷ ಇರುವುದೇ ಇದಕ್ಕೆ ಕಾರಣ.

ನಂಬರ್ ಕೂಡಿದ ಮೇಲೆ ಅಳತೆ ಮತ್ತು ಚಕ್ಕುಬಂದಿ. ಖರೀದಿ ಪತ್ರ, ಪ್ರಾಪರ್ಟಿ ಕಾರ್ಡ್ (ಸಿಟಿ ಸರ್ವೆಯ ಹಕ್ಕು ದಾಖಲೆ), ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಪತ್ರದಲ್ಲಿ ‘1 ಗುಂಟೆ’ ಎಂದಿದ್ದು, ಇ-ಖಾತೆಯಲ್ಲಿ 30×40 ಎಂದು 1,200 ಚದರ ಅಡಿ ಬಂದಿದೆ ಎನ್ನಿ. ಒಂದು ಗುಂಟೆಗೆ 1,089 ಚದರ ಅಡಿ. ಮೇಲಿನ 111 ಚದರ ಅಡಿ ಎಲ್ಲಿಂದ ಬಂತು? ಪಕ್ಕದವರದ್ದೋ, ರಸ್ತೆಯದ್ದೋ? ಪತ್ರದ ಪ್ರಕಾರ ಪೂರ್ವಕ್ಕೆ ರಸ್ತೆ, ಕಾರ್ಡಿನ ಪ್ರಕಾರ ಬೇರೆಯವರ ಪ್ಲಾಟ್ ಇದ್ದರಂತೂ ಅಲ್ಲಿಗೇ ನಿಲ್ಲಿ. ಹಳೆಯ ಪತ್ರದ ತಪ್ಪಿಗೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಅಂದು ಬರೆದುಕೊಟ್ಟವರೇ ಬಂದು ಸಹಿ ಮಾಡಬೇಕು. ಅವರು ತೀರಿಹೋಗಿದ್ದರೆ ವಾರಸುದಾರರನ್ನೆಲ್ಲ ಹುಡುಕುವ ಕೆಲಸ. ಅದನ್ನು ಕೊಡುವವರು ಮುಗಿಸಿಕೊಡಲಿ, ಆಮೇಲೆ ಸಂಚಕಾರ. ‘ಬಾಂಡ್ ಮೇಲೆ’ (ಬರೀ ಛಾಪಾ ಕಾಗದದಲ್ಲಿ ಬರೆಸಿಕೊಂಡು) ಕೊಂಡ ಗುಂಟೆ ಪ್ಲಾಟಿನ ವಿಚಾರ ಕೇಳುವವರಿಗೆ ಉತ್ತರ ಚಿಕ್ಕದು: ನೋಂದಣಿ ಇಲ್ಲದ ಬಾಂಡಿನಿಂದ ಮಾಲೀಕತ್ವ ಬರುವುದಿಲ್ಲ. ನೋಂದಾಯಿತ ಖರೀದಿ ಪತ್ರವಿಲ್ಲದೆ ಬರೀ ಮುಖತ್ಯಾರ ಪತ್ರದ ಮೇಲೆ ಆದ ಮಾರಾಟಕ್ಕೂ ಬೆಲೆ ಇಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇನ್ನು, ಇಸಿ ಎಂದೂ ತೋರಿಸದ ದೊಡ್ಡ ಹಕ್ಕು ಹೆಣ್ಣುಮಕ್ಕಳದ್ದು. ತಂದೆ ತೀರಿದ ಮೇಲೆ ಗಂಡುಮಕ್ಕಳಷ್ಟೇ ವಾರಸಾ ಮಾಡಿಸಿಕೊಂಡು, ಉತಾರ (ಪಹಣಿ) ಮತ್ತು ಕಾರ್ಡಿನಲ್ಲಿ ತಮ್ಮ ಹೆಸರು ಏರಿಸಿಕೊಂಡು, ಮನೆ ಮಾರಲು ಬರುತ್ತಾರೆ. ವಾರಸಾ ನೋಂದು ತೆರಿಗೆ ಮತ್ತು ದಫ್ತರದ ಸಲುವಾಗಿ. ಅದರಿಂದ ಒಬ್ಬರ ಹಕ್ಕು ಹುಟ್ಟುವುದೂ ಇಲ್ಲ, ಇನ್ನೊಬ್ಬರದು ಅಳಿಯುವುದೂ ಇಲ್ಲ. ತಂದೆಯ ಸ್ವಯಾರ್ಜಿತ ಮನೆಯಿದ್ದು ಮೃತ್ಯುಪತ್ರ ಇರದಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತದಲ್ಲೂ ಮಗಳು ಹುಟ್ಟಿನಿಂದಲೇ ಪಾಲುದಾರಳು. ಆ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದಾಗ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ವಾಟ್ನಿಗೆ (ಪಾಲು ವಿಭಾಗಕ್ಕೆ) ಇದರಿಂದ ಧಕ್ಕೆಯಿಲ್ಲ. ಬಾಯಿಮಾತಿನ ವಾಟ್ನಿಯನ್ನು ಕೋರ್ಟ್ ಸುಲಭಕ್ಕೆ ಒಪ್ಪುವುದಿಲ್ಲ.

‘ಅಕ್ಕಂದು ಏನೂ ತಕರಾರಿಲ್ರಿ, ಅಫಿಡವಿಟ್ ಕೊಡ್ತಾಳ’ ಎಂದರೆ ಒಪ್ಪಬೇಡಿ. ಪಾಲು ಬಿಡುವುದಕ್ಕೆ ನೋಂದಾಯಿತ ಹಕ್ಕು ಬಿಟ್ಟ ಪತ್ರ ಬೇಕು. ಅದಕ್ಕಿಂತ ಒಳ್ಳೆಯದು, ಆಕೆಯೂ ಬರೆದುಕೊಡುವವರ ಸಾಲಿನಲ್ಲೇ ಸಹಿ ಮಾಡಿ, ತನ್ನ ಪಾಲಿನ ಹಣವನ್ನು ತನ್ನ ಖಾತೆಗೇ ಪಡೆಯುವುದು. ಬರೀ ಸಾಕ್ಷಿಯಾಗಿ ಹಾಕಿದ ಸಹಿಯಿಂದ ಪಾಲು ವರ್ಗವಾಗುವುದಿಲ್ಲ. ವಂಶವೃಕ್ಷ ತರಿಸಿ ಹೆಸರು ಎಣಿಸಿ. ತೀರಿಹೋದ ಮಗಳಿದ್ದರೆ ಅವಳ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ತಂದೆಯಿಂದ ಹೀಗೆ ಪಾಲು ಬಂದ ಅಪ್ರಾಪ್ತ ಮಗುವಿದ್ದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಇಲ್ಲದೆ ತಾಯಿಯೂ ಆ ಪಾಲನ್ನು ಮಾರುವಂತಿಲ್ಲ. ಮಾರಿದರೆ ಆ ಮಗು 18 ದಾಟಿದ ಮೇಲೆ 3 ವರ್ಷದೊಳಗೆ ಮಾರಾಟ ರದ್ದು ಮಾಡಿಸಬಹುದು. ದಾವೆ ನಡೆದಿದೆಯೇ ಎಂದು ಇ-ಕೋರ್ಟ್ಸ್ ತಾಣದಲ್ಲಿ ಕೊಡುವವರ ಹೆಸರು ಹಾಕಿ ನೋಡಿ, ಅಡ್ಡಹೆಸರು ಬದಲಿಸಿಯೂ ನೋಡಿ. ದಾವೆ ನಡೆಯುವಾಗ ಕೊಂಡವರನ್ನೂ ತೀರ್ಪು ಕಟ್ಟಿಹಾಕುತ್ತದೆ.

ಊರಿಗೊಂದು ತೊಡಕು ಬೇರೆ. ವಿಜಯಪುರದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಹಳೆಯ ಮನೆ ಕೊಂಡು ಕೆಡವಿ ಕಟ್ಟುವ ವಿಚಾರವಿದ್ದರೆ ಮೊದಲು ಟೇಪ್ ಹಿಡಿಯಿರಿ. ಬಾಗಲಕೋಟೆಯಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಯೋಜನೆಯಡಿ ಆ ಜಾಗ ಬರುತ್ತದೆಯೇ ಎಂದು ಭೂಸ್ವಾಧೀನ ಕಚೇರಿಯಲ್ಲಿ ಕೇಳಿ. ನವನಗರದ ಸೈಟಾದರೆ ಹಂಚಿಕೆ ಪತ್ರ ಯಾರ ಹೆಸರಲ್ಲಿದೆ, ಪಟ್ಟಣ ಅಭಿವೃದ್ಧಿ ಪ್ರಾಧಿಕಾರದಿಂದ ಪಕ್ಕಾ ಪತ್ರ ಆಗಿದೆಯೇ ನೋಡಿ. ಬೆಳಗಾವಿಯ ಕ್ಯಾಂಪ್ (ದಂಡು) ಭಾಗದ ಹಳೆಯ ಬಂಗಲೆಗಳಲ್ಲಿ ‘ಓಲ್ಡ್ ಗ್ರಾಂಟ್’ ಇದ್ದರೆ ಭೂಮಿ ಕೇಂದ್ರ ಸರ್ಕಾರದ್ದು, ಮಾರುವವರದ್ದು ಕಟ್ಟಡ ಮಾತ್ರ.

ಖರ್ಚು: ಪಾಲಿಕೆ ವ್ಯಾಪ್ತಿಯಲ್ಲಿ ₹40 ಲಕ್ಷದ ಹಳೆಯ ಮನೆಗೆ ಮುದ್ರಾಂಕ ಶೇ 5ರಂತೆ ₹2,00,000, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ₹24,000, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿರುವುದರಿಂದ ₹80,000. ಒಟ್ಟು ₹3,04,000. ಸರ್ಕಾರಿ ಮಾರ್ಗಸೂಚಿ ದರ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ.

ಇನ್ನು ಮನೆ ಸಾಲದ ಮಾತು. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವವರು ಬಡ್ಡಿ ಮಾತ್ರ ನೋಡುತ್ತಾರೆ. ₹25 ಲಕ್ಷ ಬಾಕಿ, 15 ವರ್ಷ ಉಳಿದಿದ್ದು ಬಡ್ಡಿ ಶೇ 9ರಿಂದ 8.5ಕ್ಕೆ ಇಳಿದರೆ ಕಂತಿನಲ್ಲಿ ತಿಂಗಳಿಗೆ ಉಳಿಯುವುದು ಸುಮಾರು ₹740. ಅದಕ್ಕೆದುರಾಗಿ ಪ್ರೊಸೆಸಿಂಗ್ ಶುಲ್ಕ, ವಕೀಲರ ವರದಿ, ಹೊಸ ಅಡಮಾನದ ಮುದ್ರಾಂಕ ಮತ್ತು ನೋಂದಣಿ ಖರ್ಚು ಕೂಡಿಸಿ ನೋಡಿ. ಮೊದಲು ಈಗಿನ ಬ್ಯಾಂಕಿಗೇ ದರ ಇಳಿಸುವಂತೆ ಅರ್ಜಿ ಕೊಡಿ. ವರ್ಗಾಯಿಸುವುದೇ ಆದರೆ ಹಳೆಯ ಬ್ಯಾಂಕಿನಿಂದ ಬಾಕಿ ಪತ್ರ ಮತ್ತು ತಮ್ಮಲ್ಲಿರುವ ಮೂಲ ಕಾಗದಗಳ ಪಟ್ಟಿ ಪಡೆಯಿರಿ. ಪಟ್ಟಿಯಲ್ಲಿ ಒಂದು ಮೂಲ ಪತ್ರ ಬಿಟ್ಟಿದ್ದರೂ ಅಂದೇ ಬರೆದು ಕೇಳಿ. ಹೊಸ ಬ್ಯಾಂಕಿನ ಹಣ ನೇರವಾಗಿ ಹಳೆಯ ಸಾಲದ ಖಾತೆಗೆ ಹೋಗಲಿ.

ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ಆದೇಶದಂತೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಕಾಗದ ಕೈಗೆ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ. ನಮ್ಮ ಜಿಲ್ಲೆಗಳಲ್ಲಿ ಬಹಳ ಜನ ಸಾಲ ತಂದಿರುವುದು ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳಿಂದ. ಅವಕ್ಕೆ ಈ ಆದೇಶ ಅನ್ವಯಿಸುವುದಿಲ್ಲ. ಅಲ್ಲಿ ಹಣ ಕಟ್ಟುವ ಮೊದಲೇ ಕಾಗದ ಎಂದು ಕೊಡುತ್ತೀರಿ, ಬೋಜಾ (ದಾಖಲೆಯಲ್ಲಿನ ಸಾಲದ ಹೊರೆ) ಎಂದು ಇಳಿಸುತ್ತೀರಿ ಎಂದು ಲಿಖಿತವಾಗಿ ಪಡೆಯಿರಿ.

ಬೋಜಾ ಇಳಿಸುವುದೆಂದರೆ ಬರೀ ‘ಬಾಕಿ ಇಲ್ಲ’ ಪತ್ರವಲ್ಲ. ಅಡಮಾನ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವೂ ನೋಂದಣಿಯಾಗಬೇಕು. ಉತಾರದ 11ನೇ ಕಾಲಂನಲ್ಲಿ ಅಥವಾ ಕಾರ್ಡಿನಲ್ಲಿ ಸಾಲ ಏರಿದ್ದರೆ ಅಲ್ಲಿಂದ ತೆಗೆಸಬೇಕು. ಬ್ಯಾಂಕುಗಳು ಅಡಮಾನ ದಾಖಲಿಸುವ ಸೆರ್ಸಾಯ್ ದಫ್ತರದಲ್ಲೂ ಅದು ತೀರಿದೆಯೆಂದು ನಮೂದಾಗಬೇಕು. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅಲ್ಲಿ ಹುಡುಕಬಹುದು. ಎಲ್ಲ ಮುಗಿದ ತಿಂಗಳ ಮೇಲೆ ಇನ್ನೊಂದು ಇಸಿ ತೆಗೆಸಿ. ಹಳೆಯ ಅಡಮಾನ, ಅದರ ಬಿಡುಗಡೆ, ನೋಂದಾಯಿಸಿದ ಹೊಸ ಅಡಮಾನ, ಮೂರೂ ಅದರಲ್ಲಿ ಇರಬೇಕು. ನಡುವಿನದು ಕಾಣದಿದ್ದರೆ ಹಳೆಯ ಶಾಖೆಯಲ್ಲಿ ಕಾಗದ ಬಲ್ಲ ಅಧಿಕಾರಿ ಬದಲಾಗುವ ಮೊದಲೇ ಹೋಗಿ ಬಿಡುಗಡೆ ನೋಂದಣಿ ಮಾಡಿಸಿಕೊಳ್ಳಿ.